ಉದ್ದಿಮೆಯೊಂದು ಮಾನ್ಯತೆ ಪಡೆದ ವೃತ್ತಿ ತರಬೇತಿ ಕೇಂದ್ರವಾಗುವುದು ಹೇಗೆ

ಹೊಸಬರಿಗೆ ಕೆಲಸ ಕಲಿಸುವುದು ಯಾವ ಉದ್ದಿಮೆಗೂ ಹೊಸದಲ್ಲ. ಗ್ಯಾರೇಜು, ಮುದ್ರಣಾಲಯ, ಆಸ್ಪತ್ರೆ, ಹೋಟೆಲು, ಕಾರ್ಖಾನೆ ಹೀಗೆ ಎಲ್ಲೆಡೆ ಹಿರಿಯರ ಕೈಕೆಳಗೆ ಕಿರಿಯರು ಪಳಗುತ್ತಲೇ ಇರುತ್ತಾರೆ. ಹಾಗೆ ಪಳಗಿದವರು ಬೇರೆ ಕಡೆ ಕೆಲಸ ಕೇಳಿಕೊಂಡು ಹೋದಾಗ ತೋರಿಸಲು ಒಂದು ಅನುಭವ ಪತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ. ಕಲಿತ ವಿದ್ಯೆಗೆ ದೇಶದಾದ್ಯಂತ ಬೆಲೆ ಸಿಗಬೇಕಾದರೆ ಕಲಿಸಿದ ಸಂಸ್ಥೆಗೆ ಮಾನ್ಯತೆ ಇರಬೇಕು.

ಮಾನ್ಯತೆಗೆ ಹೊರಟ ಬಹುತೇಕ ಸಂಸ್ಥೆಗಳು ಮೊದಲು ಪಾಠದ ಸ್ಲೈಡು, ಕೊಠಡಿ, ಪ್ರೊಜೆಕ್ಟರು ಸಿದ್ಧ ಮಾಡಿಕೊಳ್ಳುತ್ತವೆ. ತಪಾಸಣೆಗೆ ಬರುವವರ ಪ್ರಶ್ನೆ ಬೇರೆಯದೇ ಇರುತ್ತದೆ: ಇವರಿಗೆ ಈ ಕೆಲಸ ಬರುತ್ತದೆ ಎಂದು ನೀವು ಸಹಿ ಹಾಕಿದ್ದೀರಿ, ಆ ತೀರ್ಮಾನ ಸರಿಯೇ ಎಂದು ಆರು ತಿಂಗಳ ನಂತರ, ನೀವು ಎದುರಿಗಿಲ್ಲದಾಗ, ಬೇರೊಬ್ಬರು ಕಡತ ನೋಡಿ ಹೇಳಬಲ್ಲರೇ? ಈ ಪ್ರಶ್ನೆಗೆ ಉತ್ತರ ಕೊಡುವಂತೆ ಕೆಲಸವನ್ನು ಪ್ರಮಾಣಪತ್ರದಿಂದ ಹಿಂದಕ್ಕೆ ಕಟ್ಟುತ್ತಾ ಬರಬೇಕು. ಮೊದಲು ಮಾನದಂಡ, ಆಮೇಲೆ ಮೌಲ್ಯಮಾಪನ, ಆಮೇಲೆ ಜನ ಮತ್ತು ಸಲಕರಣೆ, ಕೊನೆಗೆ ಪಾಠ.

ಮಾನ್ಯತೆ ಕೊಡುವವರು ಯಾರು

ದೇಶದಿಂದ ದೇಶಕ್ಕೆ ಹೆಸರು ಬದಲಾದರೂ ವ್ಯವಸ್ಥೆಯ ಎಲುಬುಗೂಡು ಹೆಚ್ಚೂಕಡಿಮೆ ಒಂದೇ. ಮೇಲೆ ನಿಯಂತ್ರಣ ಸಂಸ್ಥೆ, ನಡುವೆ ಪ್ರಮಾಣಪತ್ರ ನೀಡುವ ಸಂಸ್ಥೆ, ಕೆಳಗೆ ತರಬೇತಿ ಕೇಂದ್ರ. ಇಂಗ್ಲೆಂಡಿನಲ್ಲಿ ಆಫ್‌ಕ್ವಾಲ್ ಎಂಬ ನಿಯಂತ್ರಣ ಸಂಸ್ಥೆ ನೋಡಿಕೊಳ್ಳುವುದು ಪ್ರಮಾಣಪತ್ರ ನೀಡುವ ಸಂಸ್ಥೆಗಳನ್ನು. ತರಬೇತಿ ಕೇಂದ್ರವನ್ನು ಒಪ್ಪಿಕೊಳ್ಳುವುದು ಆ ಸಂಸ್ಥೆಗಳ ಕೆಲಸ. ಭಾರತದಲ್ಲೂ ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಮಂಡಳಿ, ಅಂದರೆ ಎನ್‌ಸಿವಿಇಟಿ, ಪ್ರಮಾಣಪತ್ರ ನೀಡುವ ಸಂಸ್ಥೆಗಳಿಗೂ ಮೌಲ್ಯಮಾಪನ ಸಂಸ್ಥೆಗಳಿಗೂ ಮನ್ನಣೆ ಕೊಡುತ್ತದೆ; ತರಬೇತಿ ಕೇಂದ್ರಗಳು ಅವುಗಳ ಅಡಿಯಲ್ಲಿ ಬರುತ್ತವೆ. ಆಸ್ಟ್ರೇಲಿಯಾದ ದಾರಿ ಬೇರೆ. ಅಲ್ಲಿ 2011ರಲ್ಲಿ ಆರಂಭವಾದ ಆಸ್ಕ್ವಾ ಎಂಬ ನಿಯಂತ್ರಣ ಸಂಸ್ಥೆ ಬಹುಪಾಲು ತರಬೇತಿ ಸಂಸ್ಥೆಗಳನ್ನು ತಾನೇ ನೇರವಾಗಿ ನೋಂದಾಯಿಸುತ್ತದೆ. ಜರ್ಮನಿಯಲ್ಲಿ ಕಂಪನಿಯೇ ಕಲಿಸುತ್ತದೆ, ವಾಣಿಜ್ಯ ಅಥವಾ ಕುಶಲಕರ್ಮಿ ಮಂಡಳಿ ಅದರ ಮೇಲೆ ಕಣ್ಣಿಟ್ಟಿರುತ್ತದೆ. ಅಂತಿಮ ಪರೀಕ್ಷೆ ನಡೆಸುವುದು ಮಾಲೀಕರ ಪರ, ನೌಕರರ ಪರ ಸದಸ್ಯರು ಮತ್ತು ವೃತ್ತಿಶಾಲೆಯ ಶಿಕ್ಷಕರು ಇರುವ ಪ್ರತ್ಯೇಕ ಸಮಿತಿ.

ಹಾಗಾಗಿ ಅರ್ಜಿ ಬರೆಯುವ ಮೊದಲು ಎರಡು ವಿಷಯ ಸ್ಪಷ್ಟವಾಗಬೇಕು. ನಿಮ್ಮ ಅರ್ಜಿ ಯಾವ ಮಟ್ಟದ ಸಂಸ್ಥೆಗೆ ಹೋಗಬೇಕು? ಕಲಿಸುವ ಅಧಿಕಾರ ಮಾತ್ರ ಸಿಗುತ್ತದೆಯೋ, ಮೌಲ್ಯಮಾಪನದ ಅಧಿಕಾರವೂ ಸೇರಿದೆಯೋ? ಕಲಿಸಿದವರೇ ತೇರ್ಗಡೆ ಮಾಡುವಂತಿಲ್ಲ ಎಂಬ ನಿಯಮವಿರುವಲ್ಲಿ ಹೊರಗಿನ ಮೌಲ್ಯಮಾಪಕರ ದಿನಾಂಕ, ಶುಲ್ಕ, ಅವರು ಕೇಳುವ ಸಲಕರಣೆ ಇವೆಲ್ಲ ನಿಮ್ಮ ವೇಳಾಪಟ್ಟಿಯೊಳಗೇ ಬರಬೇಕು.

ಇನ್ನೊಂದು ಮಾತು. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 9001 ಅಥವಾ ಕಲಿಕಾ ಸೇವೆಗಳಿಗಾಗಿಯೇ ಇರುವ ಐಎಸ್ಒ 29993 ಪ್ರಮಾಣಪತ್ರ ಕೈಯಲ್ಲಿದ್ದರೆ ದಾಖಲೆಗಳ ಶಿಸ್ತು ಬಂದಿರುತ್ತದೆ, ಅದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ರಾಷ್ಟ್ರೀಯ ಅರ್ಹತಾ ಚೌಕಟ್ಟಿನ, ಅಂದರೆ ದೇಶದ ಅರ್ಹತೆಗಳನ್ನು ಮಟ್ಟವಾರು ಜೋಡಿಸಿದ ವ್ಯವಸ್ಥೆಯ, ಪ್ರಮಾಣಪತ್ರ ಕೊಡುವ ಹಕ್ಕು ಅದರಿಂದ ಬರುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ಕಲಿಯುವವರಿಗೆ ಮಾತು ಕೊಟ್ಟರೆ ಆಮೇಲೆ ಹಿಂದೆ ಸರಿಯುವುದು ಕಷ್ಟ.

ಸ್ವಂತ ಮಾನ್ಯತೆಯೇ ಬೇಕೆ?

ವರ್ಷಕ್ಕೆ ಐದಾರು ಜನರಿಗೆ ಮಾತ್ರ ತರಬೇತಿ ಬೇಕಿದ್ದರೆ ಸ್ವಂತ ಮಾನ್ಯತೆ ಭಾರವಾಗುತ್ತದೆ. ಆಂತರಿಕ ಪರಿಶೀಲನೆ, ವಾರ್ಷಿಕ ವರದಿ, ದಾಖಲೆ ಸಂರಕ್ಷಣೆ, ತರಬೇತುದಾರರ ಮರುತರಬೇತಿ ಇವು ಐದು ಜನರಿದ್ದರೂ ಐವತ್ತು ಜನರಿದ್ದರೂ ಮಾಡಲೇಬೇಕಾದವು. ಈಗಾಗಲೇ ಮಾನ್ಯತೆ ಇರುವ ಕೇಂದ್ರದ ಜೊತೆ ಒಪ್ಪಂದ ಮಾಡಿಕೊಂಡು ಪ್ರಾಯೋಗಿಕ ಭಾಗವನ್ನು ನಿಮ್ಮಲ್ಲಿ ನಡೆಸುವುದು ಅಂಥವರಿಗೆ ಒಳ್ಳೆಯ ದಾರಿ. ಒಪ್ಪಂದದಲ್ಲಿ ಹಾಜರಾತಿ ಯಾರದು, ಮೌಲ್ಯಮಾಪನ ಯಾರದು, ಅಪಘಾತವಾದರೆ ವಿಮೆ ಯಾರದು, ದೂರು ಬಂದರೆ ಉತ್ತರ ಯಾರದು ಎಂಬ ನಾಲ್ಕೂ ಬರಹದಲ್ಲಿ ಇರಲಿ.

ಸ್ವಂತ ಮಾನ್ಯತೆ ಬೇಕೆಂದೇ ತೀರ್ಮಾನಿಸಿದರೆ ಮೊದಲ ಸಲ ಒಂದು, ಹೆಚ್ಚೆಂದರೆ ಎರಡು ಅರ್ಹತೆಗಳಿಗೆ, ಅಂದರೆ ಪ್ರಮಾಣಪತ್ರ ಸಿಗುವ ಕೋರ್ಸುಗಳಿಗೆ, ಮಾತ್ರ ಅರ್ಜಿ ಹಾಕಿ. ಒಟ್ಟಿಗೆ ಎಂಟು ಹತ್ತು ಸೇರಿಸಿದರೆ ಪ್ರತಿಯೊಂದಕ್ಕೂ ಬೇರೆ ಮೌಲ್ಯಮಾಪನ ಸಾಮಗ್ರಿ, ಬೇರೆ ಅರ್ಹತೆಯ ತರಬೇತುದಾರರು, ಬೇರೆ ಸಲಕರಣೆ ತೋರಿಸಬೇಕಾಗುತ್ತದೆ. ಅವುಗಳಲ್ಲಿ ಒಂದು ಸೋತರೂ ಇಡೀ ಅರ್ಜಿ ನಿಧಾನವಾಗುತ್ತದೆ. ವ್ಯಾಪ್ತಿಯನ್ನು ಆಮೇಲೆ ಹಿಗ್ಗಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ.

ಮಾನದಂಡವನ್ನು ಓದುವ ಕ್ರಮ

ಆರಿಸಿಕೊಂಡ ಅರ್ಹತೆಯ ಅಧಿಕೃತ ಕಡತವನ್ನು ಇಳಿಸಿಕೊಂಡು ಮೊದಲು ಅದರ ಚಾಲ್ತಿಯ ಅವಧಿ ನೋಡಿ. ಅರ್ಹತೆಗಳು ನಿಗದಿತ ಕಾಲಕ್ಕೊಮ್ಮೆ ಪರಿಷ್ಕಾರವಾಗುತ್ತವೆ. ಇನ್ನಾರು ತಿಂಗಳಲ್ಲಿ ಮುಗಿಯುವ ಆವೃತ್ತಿಗೆ ಸಾಮಗ್ರಿ ಬರೆದರೆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮುಂದೆ ಮಟ್ಟ ಮತ್ತು ಗಂಟೆಗಳು. ಭಾರತದ ಕೌಶಲ್ಯ ಅರ್ಹತಾ ಚೌಕಟ್ಟಿನಲ್ಲಿ 8ನೇ ಮಟ್ಟವೇ ತುದಿ, ಯುರೋಪಿನ ಚೌಕಟ್ಟಿನಲ್ಲೂ ಅಷ್ಟೇ. ಆಸ್ಟ್ರೇಲಿಯಾದಲ್ಲಿ 10 ಮಟ್ಟಗಳಿವೆ. ಹಾಗಾಗಿ ಒಂದು ದೇಶದ 4ನೇ ಮಟ್ಟ ಇನ್ನೊಂದು ದೇಶದ 4ನೇ ಮಟ್ಟಕ್ಕೆ ಸಮ ಎಂದು ಹಿಡಿಯಲಾಗದು. ಕಲಿಕೆಯನ್ನು ಅಳೆಯುವ ಮಾನವಾದ ಕ್ರೆಡಿಟ್ಟೂ ಹಾಗೆಯೇ: ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 1 ಕ್ರೆಡಿಟ್ ಎಂದರೆ 30 ಗಂಟೆಗಳ ಕಲಿಕೆ, ಬ್ರಿಟನ್ನಿನ ವೃತ್ತಿ ಅರ್ಹತೆಗಳಲ್ಲಿ 10 ಗಂಟೆ. ಹೊರಗಿನಿಂದ ತಂದ ಪಠ್ಯಕ್ರಮವನ್ನು ಗಂಟೆ ನೋಡದೆ ಹೊಂದಿಸಿದಾಗ ಮೊದಲ ಪರಿಶೀಲನೆಯಲ್ಲೇ ಲೆಕ್ಕ ತಪ್ಪುತ್ತದೆ. ಈ ಗಂಟೆಗಳಲ್ಲಿ ತರಗತಿ, ಅಭ್ಯಾಸ, ಸ್ವಂತ ಓದು, ಮೌಲ್ಯಮಾಪನ ಯಾವುವು ಸೇರುತ್ತವೆ ಎಂಬುದನ್ನೂ ಅದೇ ಕಡತದಲ್ಲಿ ಹುಡುಕಿ.

ಆಮೇಲೆ ಬರುವುದು ತಿರುಳು. ಏನು ಮಾಡಿ ತೋರಿಸಬೇಕು, ಏನು ತಿಳಿದಿರಬೇಕು, ಯಾವ ಪರಿಸ್ಥಿತಿಯಲ್ಲಿ ಮತ್ತು ಎಷ್ಟು ಸಲ ಮಾಡಬೇಕು, ಯಾವ ಸಲಕರಣೆ ಕಡ್ಡಾಯ. ಈ ನಾಲ್ಕನ್ನು ನಾಲ್ಕು ಬಣ್ಣದಲ್ಲಿ ಗುರುತಿಸಿಕೊಳ್ಳಿ. ಹೆಚ್ಚಿನವರು ಮೂರನೆಯದನ್ನು ಬಿಡುತ್ತಾರೆ. 'ಎರಡು ಬೇರೆ ಬೇರೆ ಯಂತ್ರಗಳ ಮೇಲೆ' ಎಂದು ಮಾನದಂಡದಲ್ಲಿದ್ದು ಕಡತದಲ್ಲಿ ಒಂದೇ ಯಂತ್ರದ ಪುರಾವೆ ಇದ್ದರೆ ಅಭ್ಯರ್ಥಿ ಎಷ್ಟೇ ನಿಪುಣನಾಗಿದ್ದರೂ ಆ ತೀರ್ಮಾನ ನಿಲ್ಲುವುದಿಲ್ಲ.

ಹೊಂದಾಣಿಕೆ ಕೋಷ್ಟಕ ಮತ್ತು ಮೌಲ್ಯಮಾಪನ ಸಾಮಗ್ರಿ

ಇಡೀ ತಯಾರಿಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ. ಒಂದು ಕೋಷ್ಟಕ ಬರೆಯಿರಿ. ಎಡಗಡೆ ಮಾನದಂಡದ ಪ್ರತಿಯೊಂದು ಅಂಶ ಒಂದೊಂದು ಸಾಲಿನಲ್ಲಿ, ಮೇಲ್ಗಡೆ ಮೌಲ್ಯಮಾಪನದ ವಿಧಾನಗಳು: ಕೆಲಸ ಮಾಡುವಾಗಿನ ವೀಕ್ಷಣೆ, ಬಾಯಿಪ್ರಶ್ನೆ, ಬರವಣಿಗೆ, ತಯಾರಿಸಿದ ವಸ್ತು, ಮೇಲ್ವಿಚಾರಕರ ವರದಿ. ಯಾವ ಅಂಶ ಯಾವ ಸಾಮಗ್ರಿಯ ಎಷ್ಟನೇ ಪ್ರಶ್ನೆಯಲ್ಲಿ ಬರುತ್ತದೆ ಎಂದು ಸಂಖ್ಯೆ ಸಮೇತ ತುಂಬಿ. ಬರೀ ಸರಿ ಗುರುತು ಹಾಕಿದ ಕೋಷ್ಟಕವನ್ನು ಯಾರೂ ನಂಬುವುದಿಲ್ಲ. ಖಾಲಿ ಉಳಿದ ಸಾಲು ನಿಮ್ಮ ಲೋಪ. ಒಂದೇ ಸಾಲಿಗೆ ಐದು ಕಡೆ ಸಂಖ್ಯೆ ಬಿದ್ದಿದ್ದರೆ ಅಭ್ಯರ್ಥಿಯ ಮೇಲೆ ಸುಮ್ಮನೆ ಹೊರೆ ಹೊರಿಸಿದ್ದೀರಿ.

ಉದಾಹರಣೆಗೆ, ಯಂತ್ರ ನಿರ್ವಹಣೆಯ ಕೋರ್ಸಿನಲ್ಲಿ 'ಕೆಲಸಕ್ಕೆ ಮುನ್ನ ವಿದ್ಯುತ್ ಸಂಪರ್ಕವನ್ನು ಸುರಕ್ಷಿತವಾಗಿ ಬೇರ್ಪಡಿಸುವುದು' ಎಂಬ ಅಂಶವಿದೆ ಎನ್ನೋಣ. ವೀಕ್ಷಣಾ ಪಟ್ಟಿಯಲ್ಲಿ 'ಸುರಕ್ಷತಾ ಕ್ರಮ ಪಾಲಿಸಿದರು: ಹೌದು/ಇಲ್ಲ' ಎಂದಷ್ಟೇ ಇದ್ದರೆ ಮೂವರು ಮೌಲ್ಯಮಾಪಕರು ಮೂರು ರೀತಿ ತೀರ್ಮಾನಿಸುತ್ತಾರೆ. ಸರಿಯಾದ ಪಟ್ಟಿ ಹೀಗೆ ಒಡೆದಿರುತ್ತದೆ: ಆ ಯಂತ್ರಕ್ಕೆ ಬರುವ ಎಲ್ಲ ವಿದ್ಯುತ್ ಮೂಲಗಳನ್ನು ಗುರುತಿಸಿದರು, ಐಸೊಲೇಟರ್ (ವಿದ್ಯುತ್ ಸಂಪರ್ಕ ಕಡಿಯುವ ಸ್ವಿಚ್ಚು) ಆಫ್ ಮಾಡಿ ಸ್ವಂತ ಬೀಗ ಹಾಕಿ, ಹೆಸರಿನ ಟ್ಯಾಗ್ ಕಟ್ಟಿ, ಕೀಲಿ ತಮ್ಮ ಬಳಿಯೇ ಇಟ್ಟುಕೊಂಡರು, ವೋಲ್ಟೇಜ್ ಟೆಸ್ಟರನ್ನು ಮೊದಲು ವಿದ್ಯುತ್ ಇದೆಯೆಂದು ಗೊತ್ತಿರುವ ಕಡೆ ಪರೀಕ್ಷಿಸಿ, ನಂತರ ಕೆಲಸ ಮಾಡುವ ಜಾಗದಲ್ಲಿ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಂಡು, ಮತ್ತೆ ಮೊದಲಿನ ಜಾಗದಲ್ಲಿ ಟೆಸ್ಟರ್ ಸರಿಯಿದೆಯೇ ನೋಡಿದರು. ಕೊನೆಯ ಹೆಜ್ಜೆ ಬಿಟ್ಟವರು ತೇರ್ಗಡೆಯಾಗುವಂತಿಲ್ಲ ಎಂದೂ ಅಲ್ಲೇ ಬರೆದಿರಬೇಕು, ಏಕೆಂದರೆ ಮಧ್ಯದಲ್ಲಿ ಕೆಟ್ಟ ಟೆಸ್ಟರ್ ಕೂಡ 'ವಿದ್ಯುತ್ ಇಲ್ಲ' ಎಂದೇ ತೋರಿಸುತ್ತದೆ. ಹೀಗೆ ಬರೆದ ಪಟ್ಟಿ ಒಬ್ಬರ ಜೀವವನ್ನು ಕಾಯುತ್ತದೆ. ಸಾಮಗ್ರಿ ಬರೆಯುವವರಿಗೆ ಈ ಎಚ್ಚರ ಸದಾ ಇರಬೇಕು.

ಮಾದರಿ ಉತ್ತರಗಳನ್ನೂ ಜೊತೆಯಲ್ಲೇ ಬರೆಯಿರಿ. 'ಮೌಲ್ಯಮಾಪಕರ ವಿವೇಚನೆಗೆ ಬಿಟ್ಟದ್ದು' ಎಂಬ ಸಾಲು ತಪಾಸಣೆಯಲ್ಲಿ ನಿಲ್ಲದು. ಆರು ಅಂಶಗಳಲ್ಲಿ ಕನಿಷ್ಠ ನಾಲ್ಕು ಬಂದಿರಬೇಕು, ಅವುಗಳಲ್ಲಿ ಇಂಥ ಎರಡು ಕಡ್ಡಾಯ ಎನ್ನುವಷ್ಟು ನಿಖರತೆ ಬೇಕು.

ಸಂಗ್ರಹಿಸಿದ ಪುರಾವೆ ನಾಲ್ಕು ಪ್ರಶ್ನೆ ದಾಟಬೇಕು. ಅದು ಈ ಅಂಶಕ್ಕೇ ಸಂಬಂಧಿಸಿದ್ದೇ? ತೀರ್ಮಾನಕ್ಕೆ ಸಾಕಾಗುತ್ತದೆಯೇ? ಈ ಅಭ್ಯರ್ಥಿಯದೇ ಕೆಲಸವೇ? ಇತ್ತೀಚಿನದೇ? ಮೂರನೆಯ ಪ್ರಶ್ನೆಯಲ್ಲಿ ಉದ್ದಿಮೆಗಳು ಹೆಚ್ಚು ಎಡವುತ್ತವೆ. ಕೆಲಸದ ಜಾಗದಲ್ಲಿ ತೆಗೆದ ಫೋಟೊದಲ್ಲಿ ಮಾಡಿದ ಕೆಲಸ ಕಾಣುತ್ತದೆ, ಮಾಡಿದವರು ಕಾಣುವುದಿಲ್ಲ. ದಿನಾಂಕ, ಕೆಲಸದ ಆದೇಶ ಸಂಖ್ಯೆ, ಅಭ್ಯರ್ಥಿಯ ಸಹಿ, ನೋಡಿದವರ ಸಹಿ ಇಲ್ಲದ ಫೋಟೊ ಪುರಾವೆಯಾಗದು. ವರ್ಷಗಟ್ಟಲೆ ಅನುಭವವಿರುವ ಕೆಲಸಗಾರರಿಗೆ ಪೂರ್ವ ಕಲಿಕೆಯ ಆಧಾರದ ಮೇಲೆ ಪ್ರಮಾಣಪತ್ರ ಕೊಡುವಾಗಲೂ ಇವೇ ನಾಲ್ಕು ಪ್ರಶ್ನೆ. ಹತ್ತು ವರ್ಷದ ಸೇವೆ ಎಂದರೆ ಹತ್ತು ವರ್ಷ ಕೆಲಸದಲ್ಲಿದ್ದರು ಎಂದಷ್ಟೇ ಅರ್ಥ.

ಜನ

ತರಬೇತುದಾರರಲ್ಲಿ ಮೂರು ಸಂಗತಿ ಕೇಳುತ್ತಾರೆ: ಆ ಕಸುಬಿನಲ್ಲಿ ಕಲಿಸುವ ಮಟ್ಟಕ್ಕಾದರೂ ಇರುವ ಅರ್ಹತೆ, ಕಲಿಸುವುದಕ್ಕೂ ಮೌಲ್ಯಮಾಪನಕ್ಕೂ ಬೇಕಾದ ಪ್ರತ್ಯೇಕ ತರಬೇತಿ, ಕಸುಬಿನ ಜೊತೆ ಈಗಲೂ ಇರುವ ನಂಟು. ಉದ್ದಿಮೆಗಳಲ್ಲಿ ಮೊದಲನೆಯದೂ ಕೊನೆಯದೂ ಧಾರಾಳವಾಗಿ ಇರುತ್ತವೆ, ನಡುವಿನದು ಇರುವುದಿಲ್ಲ. ಜರ್ಮನಿಯಲ್ಲಿ ಇದಕ್ಕಾಗಿಯೇ ತರಬೇತುದಾರರ ಅರ್ಹತಾ ಪರೀಕ್ಷೆ ಇದೆ. ತರಬೇತಿಯ ಯೋಜನೆ, ಸಿದ್ಧತೆ ಮತ್ತು ಅಭ್ಯರ್ಥಿಗಳ ಆಯ್ಕೆ, ಕಲಿಸುವಿಕೆ, ಮುಕ್ತಾಯ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಅದು ನಡೆಯುತ್ತದೆ. ನಿಮ್ಮ ದೇಶದಲ್ಲಿ ಇದಕ್ಕೆ ಸಮನಾದ ಕೋರ್ಸು ಯಾವುದೆಂದು ತಿಳಿದು, ಅರ್ಜಿ ಹಾಕುವ ಎಷ್ಟೋ ಮೊದಲೇ ಇಬ್ಬರನ್ನಾದರೂ ಕಳುಹಿಸಿ. ಒಬ್ಬರನ್ನೇ ನೆಚ್ಚಿಕೊಂಡರೆ ಅವರು ಕೆಲಸ ಬಿಟ್ಟ ದಿನ ಮಾನ್ಯತೆಯೇ ಅಲ್ಲಾಡುತ್ತದೆ.

ಮೌಲ್ಯಮಾಪಕರ ತೀರ್ಮಾನಗಳನ್ನು ಮರುಪರೀಕ್ಷೆ ಮಾಡುವ ಆಂತರಿಕ ಪರಿಶೀಲಕರು ಬೇರೆಯವರೇ ಆಗಿರಬೇಕು. ತಮ್ಮದೇ ತೀರ್ಮಾನವನ್ನು ಯಾರೂ ಪರಿಶೀಲಿಸುವಂತಿಲ್ಲ. ಹಾಗಾಗಿ ಅತಿ ಚಿಕ್ಕ ಕೇಂದ್ರಕ್ಕೂ ಕನಿಷ್ಠ ಇಬ್ಬರು ಅರ್ಹರು ಬೇಕು. ಮೇಲ್ವಿಚಾರಕರೇ ಮೌಲ್ಯಮಾಪಕರಾಗಿರುವ ಕಡೆ ಇನ್ನೊಂದು ಸೂಕ್ಷ್ಮವಿದೆ. ತಮ್ಮ ಪಾಳಿಗೆ ಕೈ ಬೇಕೆಂಬ ಅವಸರದಲ್ಲಿ ಅಭ್ಯರ್ಥಿಯನ್ನು ಬೇಗ ತೇರ್ಗಡೆ ಮಾಡುವ ಒತ್ತಡ ಅವರ ಮೇಲೆ ಇರುತ್ತದೆ. ಈ ಹಿತಾಸಕ್ತಿಯ ಸಂಘರ್ಷವನ್ನು ನೀವೇ ಬರೆದು, ಅಂಥ ತೀರ್ಮಾನಗಳನ್ನು ಎಲ್ಲವನ್ನೂ ಎರಡನೆಯವರು ನೋಡುತ್ತಾರೆ ಎಂದು ನಿಯಮ ಮಾಡಿ.

ಜಾಗ ಮತ್ತು ಸಲಕರಣೆ

ಲೆಕ್ಕ ಸರಳ, ಆದರೂ ತಪ್ಪುತ್ತದೆ. 12 ಜನರ ತಂಡ, ವೆಲ್ಡಿಂಗ್ ಬೂತ್ 6, ಪ್ರತಿಯೊಬ್ಬರಿಗೂ 60 ಗಂಟೆ ಕೈಕೆಲಸ ಬೇಕು. ಒಟ್ಟು 720 ಬೂತ್ ಗಂಟೆ; 6 ಬೂತಿಗೆ ಹಂಚಿದರೆ ತಲಾ 120 ಗಂಟೆ. ದಿನಕ್ಕೆ 5 ಗಂಟೆ ಬೂತ್ ಬಳಸಿದರೆ 24 ದಿನ. ವೇಳಾಪಟ್ಟಿಯಲ್ಲಿ 12 ದಿನವೆಂದು ಬರೆದಿದ್ದರೆ ಅರ್ಧ ಜನ ಕೈಕಟ್ಟಿ ನಿಂತಿರುತ್ತಾರೆ ಎಂಬುದು ಕಾಗದದಲ್ಲೇ ಗೊತ್ತಾಗುತ್ತದೆ.

ಉತ್ಪಾದನೆಯ ಯಂತ್ರಗಳನ್ನೇ ತರಬೇತಿಗೂ ತೋರಿಸುವುದಾದರೆ ಅವು ಯಾವ ಗಂಟೆಗಳಲ್ಲಿ ಕಲಿಯುವವರಿಗೆ ಮೀಸಲು ಎಂದು ಉತ್ಪಾದನಾ ವ್ಯವಸ್ಥಾಪಕರ ಸಹಿಯೊಂದಿಗೆ ಬರೆದಿಡಿ. ಆರ್ಡರ್ ಹೆಚ್ಚಾದ ವಾರ ಮೊದಲು ಕಡಿತವಾಗುವುದು ತರಬೇತಿಯ ಗಂಟೆಗಳೇ. ಅಳತೆ ಸಾಧನಗಳ ಕ್ಯಾಲಿಬ್ರೇಶನ್ ದಿನಾಂಕ, ಸುರಕ್ಷತಾ ಉಡುಪುಗಳ ಸಂಖ್ಯೆ, ಕಲಿಯುವವರನ್ನೂ ಒಳಗೊಂಡ ವಿಮೆ ಇವನ್ನೂ ನೋಡುತ್ತಾರೆ. ನೌಕರರಿಗೆ ಮಾತ್ರ ಮಾಡಿಸಿದ ವಿಮೆ ಹೊರಗಿನಿಂದ ಬಂದ ಅಭ್ಯರ್ಥಿಯನ್ನು ಒಳಗೊಳ್ಳದೇ ಇರಬಹುದು. ಪಾಲಿಸಿಯನ್ನು ತೆರೆದು ಓದಿ.

ಕಾಗದಪತ್ರ

ಪ್ರವೇಶ, ಶುಲ್ಕ ಮತ್ತು ಮರುಪಾವತಿ, ದೂರು, ತೀರ್ಮಾನದ ವಿರುದ್ಧ ಮೇಲ್ಮನವಿ, ಅಂಗವೈಕಲ್ಯ ಉಳ್ಳವರಿಗೆ ಹೊಂದಾಣಿಕೆ, ನಕಲು ಮತ್ತು ಅಕ್ರಮ, ವೈಯಕ್ತಿಕ ಮಾಹಿತಿಯ ರಕ್ಷಣೆ, ದಾಖಲೆ ಇಡುವ ಅವಧಿ ಇಷ್ಟಕ್ಕೆ ಲಿಖಿತ ನಿಯಮ ಬೇಕು. ಪ್ರತಿಯೊಂದೂ ಒಂದೆರಡು ಪುಟ ಸಾಕು, ಆದರೆ ಯಾರು, ಎಷ್ಟು ದಿನದೊಳಗೆ, ಎಲ್ಲಿ ದಾಖಲಿಸಿ ಮಾಡುತ್ತಾರೆ ಎಂಬುದು ಇರಲೇಬೇಕು. ಬೇರೆಯವರಿಂದ ತಂದ ನಲವತ್ತು ಪುಟದ ನಿಯಮಾವಳಿಗಳಲ್ಲಿ ಹಳೆಯ ಸಂಸ್ಥೆಯ ಹೆಸರು ಹಾಗೇ ಉಳಿದಿರುತ್ತದೆ, ನಿಮ್ಮಲ್ಲಿ ಇಲ್ಲದ ಹುದ್ದೆಗಳ ಹೆಸರಿರುತ್ತದೆ. ತಪಾಸಕರು ಸಿಬ್ಬಂದಿಯನ್ನು ಕರೆದು 'ಮೇಲ್ಮನವಿ ಬಂದರೆ ಏನು ಮಾಡುತ್ತೀರಿ?' ಎಂದು ಕೇಳಿದಾಗ ಕಾಗದಕ್ಕೂ ಬಾಯಿಗೂ ಹೊಂದಾಣಿಕೆ ಇರಬೇಕು.

ದಾಖಲೆ ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ. ಯಾವುದಾದರೂ ಒಬ್ಬ ಅಭ್ಯರ್ಥಿಯ ಹೆಸರು ಆರಿಸಿ, ಅರ್ಜಿಯಿಂದ ಪ್ರಮಾಣಪತ್ರದವರೆಗಿನ ಎಲ್ಲ ಕಾಗದಗಳನ್ನು ಅರ್ಧ ಗಂಟೆಯಲ್ಲಿ ಮೇಜಿನ ಮೇಲೆ ಇಡಲು ಕಡತ ನೋಡಿಕೊಳ್ಳುವವರಲ್ಲದ ಇನ್ನೊಬ್ಬರಿಗೆ ಹೇಳಿ. ಹಾಜರಾತಿ ಒಂದು ಕಡೆ, ಉತ್ತರ ಪತ್ರಿಕೆ ತರಬೇತುದಾರರ ಕಪಾಟಿನಲ್ಲಿ, ಫೋಟೊಗಳು ಯಾರದೋ ಮೊಬೈಲಿನಲ್ಲಿ ಎಂದಾದರೆ ಅರ್ಜಿ ಹಾಕುವ ಕಾಲ ಇನ್ನೂ ಬಂದಿಲ್ಲ.

ಅರ್ಜಿಗೆ ಮುನ್ನ ಒಂದು ಪ್ರಯೋಗ

ನಿಮ್ಮದೇ ನೌಕರರಲ್ಲಿ ಮೂರ್ನಾಲ್ಕು ಜನರನ್ನು ಕೋರ್ಸಿನ ಒಂದು ಘಟಕದ ಮಟ್ಟಿಗೆ ಮೌಲ್ಯಮಾಪನ ಮಾಡಿ ನೋಡಿ. ಈ ಪ್ರಯೋಗದಲ್ಲಿ ಯಾರಿಗೂ ಪ್ರಮಾಣಪತ್ರವಿಲ್ಲ, ಅದನ್ನು ಮೊದಲೇ ತಿಳಿಸಿ. ಇಬ್ಬರು ಮೌಲ್ಯಮಾಪಕರು ಒಂದೇ ಅಭ್ಯರ್ಥಿಯನ್ನು ಮಾತಾಡಿಕೊಳ್ಳದೆ ನೋಡಲಿ, ಆಮೇಲೆ ಪಟ್ಟಿಗಳನ್ನು ಪಕ್ಕಪಕ್ಕ ಇಡಿ. ಇಬ್ಬರೂ ಒಪ್ಪದ ಸಾಲುಗಳೇ ನೀವು ತಿದ್ದಿ ಬರೆಯಬೇಕಾದವು. ಈ ಎರಡು ದಿನದ ಕೆಲಸ ಮಾಡಿದ ಸಂಸ್ಥೆಗಳ ಅರ್ಜಿ ಓದುವಾಗಲೇ ಬೇರೆಯಾಗಿ ಕಾಣುತ್ತದೆ. ತಿದ್ದುವ ಮೊದಲಿನ ಪ್ರತಿಯನ್ನೂ ತಿದ್ದಿದ ಕಾರಣವನ್ನೂ ಇಟ್ಟುಕೊಳ್ಳಿ, ಅದು ನಿಮ್ಮ ಗುಣಮಟ್ಟ ವ್ಯವಸ್ಥೆಗೆ ಸಿಗುವ ಮೊದಲ ಪುರಾವೆ.

ತಯಾರಿ ಆರಂಭಿಸಿದ ದಿನದಿಂದ ಅರ್ಜಿ ಸಲ್ಲಿಸುವವರೆಗೆ ಆರು ತಿಂಗಳಿಗಿಂತ ಕಡಿಮೆ ಇಟ್ಟುಕೊಳ್ಳದಿರುವುದು ಒಳಿತು. ತರಬೇತುದಾರರ ಕೋರ್ಸಿಗೇ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಹಲವು ಕಡೆ ಸಂಸ್ಥೆಯ ಹಣಕಾಸಿನ ಸ್ಥಿತಿಯನ್ನೂ ನಿರ್ದೇಶಕರ ಹಿನ್ನೆಲೆಯನ್ನೂ ನೋಡುತ್ತಾರೆ, ಆದ್ದರಿಂದ ಲೆಕ್ಕಪತ್ರಗಳ ಪರಿಶೋಧನೆಯೂ ಮುಗಿದಿರಲಿ.

ತಪಾಸಣೆಯ ದಿನ ಮತ್ತು ಲೋಪಗಳು

ಮೊದಲು ಕಾಗದದ ಪರಿಶೀಲನೆ, ನಂತರ ಸ್ಥಳ ತಪಾಸಣೆ. ಸ್ಥಳಕ್ಕೆ ಬಂದವರು ಜಾಗ ನೋಡುತ್ತಾರೆ, ತರಬೇತುದಾರರನ್ನು ಒಬ್ಬೊಬ್ಬರಾಗಿ ಮಾತಾಡಿಸುತ್ತಾರೆ, ಪಟ್ಟಿಯಲ್ಲಿರುವ ಸಲಕರಣೆಯನ್ನು ಚಾಲೂ ಮಾಡಿಸಿ ನೋಡಬಹುದು. ತರಬೇತುದಾರರ ಬದಲು ವ್ಯವಸ್ಥಾಪಕರೇ ಉತ್ತರಿಸುವುದು, ಇಲ್ಲದ್ದನ್ನು ಇದೆ ಎನ್ನುವುದು ಇವೆರಡೂ ಹೊರೆ ಹೆಚ್ಚಿಸುತ್ತವೆ. 'ಇದು ಇನ್ನೂ ಆಗಿಲ್ಲ, ಇಂಥ ದಿನದೊಳಗೆ ಆಗುತ್ತದೆ' ಎಂದು ನೇರವಾಗಿ ಹೇಳಿ.

ಲೋಪಗಳ ಪಟ್ಟಿ ಬಂದೇ ಬರುತ್ತದೆ, ಅಂಜಬೇಕಿಲ್ಲ. ಉತ್ತರ ಬರೆಯುವಾಗ ತಿದ್ದುಪಡಿ ಬೇರೆ, ಕಾರಣ ನಿವಾರಣೆ ಬೇರೆ ಎಂಬುದು ನೆನಪಿರಲಿ. ಒಂದು ಪಟ್ಟಿಯಲ್ಲಿ ಸಹಿ ಇಲ್ಲ ಎಂದಾಗ ಆ ಸಹಿಯನ್ನು ಹಾಕಿಸುವುದು ತಿದ್ದುಪಡಿ. ಹಿಂದಿನ ದಿನಾಂಕ ಹಾಕಿ ಹಾಗೆ ಮಾಡಿದರೆ ಅದು ಅಕ್ರಮ. ಸಹಿ ಏಕೆ ತಪ್ಪಿತು, ಬೇರೆ ಕಡತಗಳಲ್ಲೂ ತಪ್ಪಿದೆಯೇ, ಇನ್ನು ಮುಂದೆ ಕಡತ ಮುಚ್ಚುವ ಮೊದಲು ಯಾರು ನೋಡುತ್ತಾರೆ ಎಂಬ ಮೂರಕ್ಕೆ ಉತ್ತರವಿದ್ದರೆ ಕಾರಣ ನಿವಾರಣೆ ಆಯಿತು. ಕೊಟ್ಟ ಗಡುವಿನೊಳಗೆ ಪುರಾವೆ ಸಮೇತ ಕಳುಹಿಸಿ.

ಮಾನ್ಯತಾ ಪತ್ರ ಕೈಗೆ ಬರುವವರೆಗೆ ಜಾಹೀರಾತಿನಲ್ಲಿ ಲಾಂಛನ ಬಳಸಬೇಡಿ, ಪ್ರವೇಶ ಶುಲ್ಕ ಪಡೆಯಬೇಡಿ. 'ಮಾನ್ಯತೆ ನಿರೀಕ್ಷಿತ' ಎಂಬ ಮಾತನ್ನು ನಂಬಿ ಸೇರಿದವರ ವರ್ಷವನ್ನು ಯಾರೂ ಹಿಂದಿರುಗಿಸಲಾರರು.

ಸಿಕ್ಕ ಮೇಲೆ

ಹೊಸ ಮೌಲ್ಯಮಾಪಕರ ಮೊದಲ ತೀರ್ಮಾನಗಳನ್ನು ಪೂರ್ತಿಯಾಗಿ ಪರಿಶೀಲಿಸಿ, ನಂಬಿಕೆ ಬಂದ ಮೇಲೆ ಮಾದರಿ ಆರಿಸಿ ನೋಡುವುದು ರೂಢಿ. ಮಾದರಿ ಆರಿಸುವಾಗ ಎಲ್ಲ ಮೌಲ್ಯಮಾಪಕರು, ಎಲ್ಲ ಘಟಕಗಳು, ತೇರ್ಗಡೆಯಾದವರು, ಆಗದವರು ಎಲ್ಲರೂ ಬರಬೇಕು. ಕೋರ್ಸಿನ ಕೊನೆಯಲ್ಲಿ ಒಮ್ಮೆಲೇ ಪರಿಶೀಲಿಸಿದರೆ ತಪ್ಪು ಸಿಕ್ಕಾಗ ತಿದ್ದಲು ಅಭ್ಯರ್ಥಿಗಳೇ ಅಲ್ಲಿರುವುದಿಲ್ಲ. ನಡುವೆಯೇ ಒಂದು ಸುತ್ತು ಮುಗಿಸಿ.

ವಿಳಾಸ, ಮಾಲೀಕತ್ವ, ಮುಖ್ಯ ತರಬೇತುದಾರರು ಬದಲಾದರೆ ಮಾನ್ಯತೆ ಕೊಟ್ಟವರಿಗೆ ನಿಗದಿತ ದಿನಗಳೊಳಗೆ ತಿಳಿಸಬೇಕು. ಆ ದಿನಗಳ ಸಂಖ್ಯೆಯನ್ನು ನಿಮ್ಮ ಒಪ್ಪಂದದಲ್ಲಿ ಹುಡುಕಿ ಸಿಬ್ಬಂದಿ ವಿಭಾಗದ ಗೋಡೆಯ ಮೇಲೆ ಅಂಟಿಸಿ, ಏಕೆಂದರೆ ರಾಜೀನಾಮೆ ಪತ್ರ ಮೊದಲು ತಲುಪುವುದು ಅಲ್ಲಿಗೆ. ಮಾನ್ಯತೆಗೆ ಅವಧಿ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ನೋಂದಣಿ ಗರಿಷ್ಠ 7 ವರ್ಷದವರೆಗೆ. ನವೀಕರಣದ ಅರ್ಜಿಯ ಗಡುವು ಅವಧಿ ಮುಗಿಯುವ ದಿನಕ್ಕಿಂತ ಮೊದಲೇ ಬರುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದ್ದು ಆ ಗಡುವನ್ನು. ಯಾವ ಕಾರಣಕ್ಕಾದರೂ ಕೋರ್ಸು ನಿಲ್ಲಿಸುವಂತಾದರೆ ಅರ್ಧಕ್ಕೆ ನಿಂತ ಅಭ್ಯರ್ಥಿಗಳು ಯಾವ ಕೇಂದ್ರದಲ್ಲಿ ಮುಂದುವರಿಯುತ್ತಾರೆ, ಆವರೆಗೆ ಮುಗಿಸಿದ ಘಟಕಗಳ ದಾಖಲೆ ಅವರ ಕೈಗೆ ಹೇಗೆ ಸಿಗುತ್ತದೆ ಎಂಬುದನ್ನು ಮೊದಲ ತಂಡ ಸೇರುವ ಮುಂಚೆಯೇ ಬರೆದಿಟ್ಟು, ಪ್ರವೇಶ ಪತ್ರದ ಜೊತೆ ಅವರಿಗೂ ಒಂದು ಪ್ರತಿ ಕೊಡಿ.